ವಲಸೆ ಮರಿಮೀನುಗಳ ಈಜಿನ ಮೇಲೆ ನೀರಿನ ಹರಿವಿನ ಪ್ರಭಾವ

ನದಿ, ತೋಡು ಮತ್ತು ಅಳಿವೆಗಳಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ವಲಸೆ ಹೋಗುವ ಮೀನುಗಳ ಮರಿಗಳು ಯಾವ ದಿಕ್ಕಿಗೆ ತಿರುಗಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದನ್ನು ಬಹುಮಟ್ಟಿಗೆ ನೀರಿನ ಹರಿವೇ ನಿರ್ಧರಿಸುತ್ತದೆ. ಹರಿವಿನ ವೇಗ, ಅದರ ಏರಿಳಿತ, ಆಳ, ಸುಳಿಗಳು ಮತ್ತು ತಳದ ಕಲ್ಲುಗಳ ಜೋಡಣೆ ಇವೆಲ್ಲವೂ ಮರಿಯ ಈಜಿನ ಮೇಲೆ ಪರಿಣಾಮ ಬೀರುತ್ತವೆ. ಪ್ರಾಣಿವರ್ತನೆಯ ಅಧ್ಯಯನ ಮತ್ತು ಜಲಶಾಸ್ತ್ರ ಎರಡಕ್ಕೂ ಸೇರಿದ ಈ ವಿಷಯವು ಅಣೆಕಟ್ಟು, ಕಿರು ಜಲವಿದ್ಯುತ್ ಘಟಕ ಹಾಗೂ ಕಿಂಡಿ ಅಣೆಕಟ್ಟುಗಳ ವಿನ್ಯಾಸದಲ್ಲಿ ಪ್ರಾಯೋಗಿಕ ಮಹತ್ವವನ್ನು ಪಡೆದಿದೆ. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಕಡಬ, ಪುತ್ತೂರು ತಾಲೂಕುಗಳ ಹೊಳೆಗಳು. ಕುಮಾರಧಾರೆ, ಪಯಸ್ವಿನಿ ಮತ್ತು ಬೆಳ್ಳಾರೆ ಪರಿಸರದ ಗೌರಿಹೊಳೆಯಂತಹ ಹರಿವುಗಳು ಮಳೆಗಾಲದಲ್ಲಿ ಉಕ್ಕಿ ಹರಿದು ಬೇಸಗೆಯಲ್ಲಿ ಗುಂಡಿಗಳಾಗಿ ಒಡೆದುಹೋಗುತ್ತವೆ. ಅಲ್ಲಿನ ಮೀನುಗಳ ಜೀವನಚಕ್ರವು ಈ ಏರಿಳಿತಕ್ಕೆ ಹೊಂದಿಕೊಂಡೇ ರೂಪುಗೊಂಡಿದೆ.

ವಲಸೆಯ ಬಗೆಗಳು

ಮೀನುಗಳ ವಲಸೆಯನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಬರುವವು ಮೊದಲನೆಯ ಬಗೆ. ಬಂಗಾಳದ ಹಿಲ್ಸಾ ಮತ್ತು ಉತ್ತರ ಗೋಳಾರ್ಧದ ಸಾಲ್ಮನ್ ಇದಕ್ಕೆ ಉದಾಹರಣೆ. ನದಿಯಲ್ಲಿ ಬೆಳೆದು ಮೊಟ್ಟೆಯಿಡಲು ಸಮುದ್ರಕ್ಕೆ ಇಳಿಯುವವು ಎರಡನೆಯ ಬಗೆ. ಹಾವುಮೀನುಗಳು ಈ ವರ್ಗದವು. ನದಿಯಲ್ಲೇ ಮೊಟ್ಟೆಯೊಡೆದು, ತೀರ ಎಳೆಯ ಮರಿಗಳಾಗಿದ್ದಾಗ ಸಮುದ್ರಕ್ಕೆ ತೇಲಿಹೋಗಿ, ಮತ್ತೆ ಸಿಹಿನೀರಿಗೆ ಮರಳುವ ಗೋಬಿ ಜಾತಿಯ ಮೀನುಗಳದು ಮೂರನೆಯ ಬಗೆ. ಸಮುದ್ರದ ಸಂಪರ್ಕವೇ ಇಲ್ಲದೆ ನದಿಯೊಳಗೇ ಮೇಲೆ ಕೆಳಗೆ ಓಡಾಡುವವು ಕೊನೆಯವು. ಮಹಶೀರ್, ಮುಗುಡು ಮತ್ತು ಹಲವು ಬಗೆಯ ಸಣ್ಣ ಕೆಂಡೆಗಳು ಇಲ್ಲಿ ಬರುತ್ತವೆ.

ಮೂರು ಅಥವಾ ನಾಲ್ಕು ಸೆಂಟಿಮೀಟರಿನ ಮರಿಯೊಂದು ನೂರಾರು ಕಿಲೋಮೀಟರ್ ಸಾಗುವುದು ತನ್ನ ತೋಳ್ಬಲದಿಂದ ಎಂದು ಭಾವಿಸುವುದು ಸುಲಭ. ವಾಸ್ತವದಲ್ಲಿ ಅದು ಬಲವನ್ನು ಬಳಸುವುದಕ್ಕಿಂತ ಉಳಿಸುವುದರಲ್ಲೇ ಹೆಚ್ಚು ನಿಪುಣ.

ಹರಿವನ್ನು ಗುರುತಿಸುವ ಬಗೆ

ಹರಿವ ನೀರಿನಲ್ಲಿರುವ ಹೆಚ್ಚಿನ ಮೀನುಗಳು ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತವೆ. ಈ ಪ್ರವೃತ್ತಿಗೆ ರಿಯೋಟ್ಯಾಕ್ಸಿಸ್ ಎಂದು ಹೆಸರು. ಕನ್ನಡದಲ್ಲಿ ಪ್ರವಾಹಾಭಿಮುಖತೆ ಎನ್ನಬಹುದು. ಇದರಿಂದ ಮೀನಿಗೆ ಎರಡು ಲಾಭಗಳಿವೆ. ಒಂದು, ಅದು ಕೊಚ್ಚಿಹೋಗದೆ ಇದ್ದಲ್ಲೇ ಇರಬಲ್ಲದು. ಇನ್ನೊಂದು, ಮೇಲಿನಿಂದ ತೇಲಿಬರುವ ಆಹಾರವೂ ವಾಸನೆಯೂ ನೇರವಾಗಿ ಅದರ ಮುಖಕ್ಕೇ ಬರುತ್ತವೆ.

ನೀರಿನೊಳಗೆ ತೇಲುತ್ತಿರುವ ಪ್ರಾಣಿಗೆ ನೀರು ಹರಿಯುತ್ತಿದೆ ಎಂಬುದು ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ. ಚಲಿಸುವ ದೋಣಿಯಲ್ಲಿ ಕಣ್ಣು ಮುಚ್ಚಿ ಕುಳಿತವನಿಗೆ ದೋಣಿ ಸಾಗುತ್ತಿರುವುದು ತಿಳಿಯದು. ಹರಿವಿನೊಡನೆ ಸಮನಾಗಿ ತೇಲುವ ಮೀನಿನ ಸ್ಥಿತಿಯೂ ಹಾಗೆಯೇ. 1904ರಲ್ಲಿ ಇ. ಪಿ. ಲಿಯಾನ್ ಎಂಬ ವಿಜ್ಞಾನಿಯು ಪ್ರಯೋಗಗಳ ಮೂಲಕ ಇದಕ್ಕೆ ಮೊದಲ ಸ್ಪಷ್ಟ ಉತ್ತರವನ್ನು ನೀಡಿದನು. ತಳ ಮತ್ತು ದಡ ತನ್ನಿಂದ ಸರಿದುಹೋಗುತ್ತಿರುವಂತೆ ಕಣ್ಣಿಗೆ ಕಾಣುವುದೇ ಮೀನಿಗೆ ಮುಖ್ಯ ಸೂಚನೆ ಎಂಬುದು ಅವನ ನಿರ್ಣಯ. ಈ ಉತ್ತರ ಸರಿಯಾದರೂ ಪೂರ್ಣವಲ್ಲ. ಮಳೆಗಾಲದ ಕೆಂಪುನೀರಿನಲ್ಲಿ, ನಟ್ಟಿರುಳಿನಲ್ಲಿ, ತಳವೇ ಕಾಣದ ಸ್ಥಿತಿಯಲ್ಲೂ ಮೀನುಗಳು ದಿಕ್ಕು ತಪ್ಪುವುದಿಲ್ಲ.

ಉಳಿದ ಅರ್ಧ ಉತ್ತರ ಪಾರ್ಶ್ವರೇಖೆಯಲ್ಲಿದೆ. ಮೀನಿನ ತಲೆಯ ಮೇಲೂ ಎರಡು ಪಕ್ಕಗಳಲ್ಲೂ ನ್ಯೂರೋಮಾಸ್ಟ್ ಎಂಬ ಸೂಕ್ಷ್ಮ ಸಂವೇದನಾಂಗಗಳು ಸಾಲಾಗಿರುತ್ತವೆ. ಪ್ರತಿಯೊಂದರಲ್ಲೂ ಕೂದಲಿನಂತಹ ಎಳೆಗಳುಳ್ಳ ಜೀವಕೋಶಗಳಿದ್ದು, ಚರ್ಮದ ಮೇಲೆ ನೀರು ಸವರಿ ಹೋದಂತೆ ಆ ಎಳೆಗಳು ಬಾಗಿ ನರಗಳಿಗೆ ಸುದ್ದಿ ಮುಟ್ಟಿಸುತ್ತವೆ. ಮಾಂಟ್ಗೊಮರಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನವು, ಚರ್ಮದ ಮೇಲ್ಭಾಗದ ನ್ಯೂರೋಮಾಸ್ಟ್‌ಗಳು ಕೆಲಸ ಮಾಡದಂತೆ ತಡೆದರೆ ಮೀನುಗಳು ಮಂದ ಹರಿವನ್ನು ಗುರುತಿಸಲಾರವೆಂದು ತೋರಿಸಿತು.

ಮರಿಗಳ ಮಟ್ಟಿಗೆ ಇನ್ನಷ್ಟು ಕುತೂಹಲಕರವಾದುದು 2017ರ ಸಂಶೋಧನೆ. ಭಾರತ ಉಪಖಂಡದ ತೋಡುಗಳ ಮೂಲನಿವಾಸಿಯಾದ ಪಟ್ಟೆಪಟ್ಟೆಯ ಜೀಬ್ರಾ ಮೀನಿನ ಎಳೆಯ ಮರಿಗಳನ್ನು ಓಟೇಜಾ ಮತ್ತು ಸಂಗಡಿಗರು ಕತ್ತಲೆಯಲ್ಲಿ, ನೀರು ಹರಿಯುವ ಕೊಳವೆಯೊಳಗೆ ಬಿಟ್ಟು ಗಮನಿಸಿದರು. ಕೊಳವೆಯ ನಡುವೆ ನೀರು ವೇಗವಾಗಿಯೂ ಗೋಡೆಯ ಬಳಿ ನಿಧಾನವಾಗಿಯೂ ಹರಿಯುತ್ತದೆ. ಈ ವ್ಯತ್ಯಾಸದಿಂದಾಗಿ ಮರಿಯ ಎಡ ಮತ್ತು ಬಲ ಪಕ್ಕಗಳಿಗೆ ತಗಲುವ ಹರಿವು ಒಂದೇ ಸಮನಾಗಿರುವುದಿಲ್ಲ. ಆ ವ್ಯತ್ಯಾಸ ಕಡಿಮೆಯಾಗುತ್ತಿದ್ದರೆ ಮರಿ ನೇರವಾಗಿ ಮುಂದುವರಿಯುತ್ತದೆ, ಹೆಚ್ಚಾಗುತ್ತಿದ್ದರೆ ತಿರುಗುತ್ತದೆ. ಇಷ್ಟು ಸರಳ ನಿಯಮದಿಂದಲೇ ಅದು ಕಣ್ಣಿನ ನೆರವಿಲ್ಲದೆ ಹರಿವಿಗೆ ಎದುರಾಗಿ ನಿಲ್ಲಬಲ್ಲದು. ಪಾರ್ಶ್ವರೇಖೆಯನ್ನು ನಿಷ್ಕ್ರಿಯಗೊಳಿಸಿದಾಗ ಕತ್ತಲೆಯಲ್ಲಿ ಈ ಸಾಮರ್ಥ್ಯ ಇಲ್ಲವಾಯಿತು.

ಈಜಿನ ಸಾಮರ್ಥ್ಯ

ಮೀನಿನ ಈಜನ್ನು ಮೂರು ಮಟ್ಟಗಳಲ್ಲಿ ಅಳೆಯುವುದು ವಾಡಿಕೆ. ಮೂರೂವರೆ ಗಂಟೆಗಳಷ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ದಣಿಯದೆ ಈಜಬಲ್ಲ ವೇಗ ಒಂದು. ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ದಣಿವು ತರುವ ವೇಗ ಇನ್ನೊಂದು. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ತಾಳಲಾಗದ ಚಿಮ್ಮುವ ವೇಗ ಮೂರನೆಯದು. ಕೆನಡಾದ ಜೆ. ಆರ್. ಬ್ರೆಟ್ 1964ರಲ್ಲಿ ಎಳೆಯ ಸಾಲ್ಮನ್‌ಗಳನ್ನು ನೀರಿನ ಸುರಂಗದಲ್ಲಿ ಈಜಿಸಿ, ಹರಿವನ್ನು ಹಂತ ಹಂತವಾಗಿ ಹೆಚ್ಚಿಸುತ್ತ ಅವು ಸೋಲುವ ವೇಗವನ್ನು ಅಳೆದನು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ವಿಧಾನವೇ ಬಳಕೆಯಲ್ಲಿದೆ.

ಮೀನಿನ ವೇಗವನ್ನು ದೇಹದ ಉದ್ದದ ಲೆಕ್ಕದಲ್ಲಿ ಹೇಳುವುದು ಅನುಕೂಲ. ಸೆಕೆಂಡಿಗೆ ತನ್ನ ಉದ್ದದ ಹತ್ತು ಪಟ್ಟು ದೂರ ಚಿಮ್ಮುವುದನ್ನು ಒಂದು ಸ್ಥೂಲ ಅಳತೆಯಾಗಿ ಇಟ್ಟುಕೊಂಡರೆ, 50 ಸೆಂಟಿಮೀಟರಿನ ದೊಡ್ಡ ಮೀನು ಸೆಕೆಂಡಿಗೆ 5 ಮೀಟರ್ ಸಾಗುತ್ತದೆ, 3 ಸೆಂಟಿಮೀಟರಿನ ಮರಿ 30 ಸೆಂಟಿಮೀಟರ್ ಮಾತ್ರ. ಎಳೆಯ ಮೀನುಗಳು ತಮ್ಮ ಗಾತ್ರದ ಲೆಕ್ಕದಲ್ಲಿ ದೊಡ್ಡವುಗಳಿಗಿಂತ ಚುರುಕಾಗಿರುವುದೂ ಉಂಟು. ಆದರೂ ಮಳೆಗಾಲದಲ್ಲಿ ಹೊಳೆಯ ನಡುನೀರು ಸೆಕೆಂಡಿಗೆ ಒಂದೆರಡು ಮೀಟರ್ ವೇಗದಲ್ಲಿ ಹರಿಯುವಾಗ ಮರಿಯ ಚುರುಕು ಲೆಕ್ಕಕ್ಕೆ ಬಾರದು. ಇದರೊಡನೆ ಶಕ್ತಿಯ ಲೆಕ್ಕವೂ ಸೇರುತ್ತದೆ. ನೀರಿನ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಇಮ್ಮಡಿಯಾದರೆ ಈಜಲು ಬೇಕಾದ ಸಾಮರ್ಥ್ಯ ಸುಮಾರು ಎಂಟು ಪಟ್ಟಾಗುತ್ತದೆ.

ಆದ್ದರಿಂದಲೇ ಮರಿಗಳು ನಡುನೀರನ್ನು ಬಿಟ್ಟು ಅಂಚು ಹಿಡಿಯುತ್ತವೆ. ದಡಕ್ಕೂ ತಳಕ್ಕೂ ತಾಗಿದ ನೀರು ಘರ್ಷಣೆಯಿಂದ ನಿಧಾನವಾಗುತ್ತದೆ. ಕಲ್ಲಿಗೆ ಅಂಟಿಕೊಂಡ ಪದರದಲ್ಲಿ ಅದರ ವೇಗ ಹೆಚ್ಚುಕಡಿಮೆ ಶೂನ್ಯ. ನೀರಿಗೆ ಬಾಗಿದ ಬೇರು, ಮುಂಡುಗದ ಪೊದೆ, ಉರುಳಿಬಿದ್ದ ಮರದ ಕೊಂಬೆ ಇವುಗಳ ಮರೆಯಲ್ಲಿ ಮರಿಗಳು ಗುಂಪುಗೂಡುವುದು ಈ ಕಾರಣಕ್ಕಾಗಿ. ದಡವನ್ನು ಸವರಿ ಕಾಂಕ್ರೀಟ್ ಗೋಡೆ ಕಟ್ಟಿದ ಕಡೆ ಈ ಮರೆಗಳು ಇಲ್ಲವಾಗುತ್ತವೆ. ಅಲ್ಲಿ ದೊಡ್ಡ ಮೀನು ದಾಟಬಹುದು, ಮರಿಗೆ ನಿಲ್ಲಲು ನೆಲೆಯಿಲ್ಲ.

ಸುಳಿಗಳ ಪಾತ್ರ ಎರಡು ತೆರನಾಗಿದೆ. ಮೀನಿನ ಉದ್ದಕ್ಕಿಂತ ದೊಡ್ಡದಾದ, ಅಡ್ಡಾದಿಡ್ಡಿ ಸುಳಿಗಳು ಅದರ ಸಮತೋಲನವನ್ನು ಕೆಡಿಸುತ್ತವೆ. ಕಲ್ಲಿನ ಹಿಂದೆ ಒಂದರ ಬಳಿಕ ಒಂದಾಗಿ, ಎಡಕ್ಕೂ ಬಲಕ್ಕೂ ಕ್ರಮವಾಗಿ ಹುಟ್ಟುವ ಸುಳಿಗಳು ಅದಕ್ಕೆ ನೆರವಾಗುತ್ತವೆ. ಜೇಮ್ಸ್ ಲಿಯಾವೋ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ಟ್ರೌಟ್ ಮೀನು ಇಂತಹ ಸುಳಿಸಾಲಿನಲ್ಲಿ ದೇಹವನ್ನು ಸಡಿಲಬಿಟ್ಟು ಬಳುಕುತ್ತ, ಬಹಳ ಕಡಿಮೆ ಸ್ನಾಯುಬಲದಿಂದ ಒಂದೇ ಕಡೆ ನಿಲ್ಲುತ್ತದೆ. 2006ರ ಇನ್ನೊಂದು ಅಧ್ಯಯನದಲ್ಲಿ ಸತ್ತ ಟ್ರೌಟ್ ಮೀನೇ ಸುಳಿಸಾಲಿನಲ್ಲಿ ಬಳುಕಿ ಹರಿವಿಗೆ ಎದುರಾಗಿ ಮುಂದೆ ಸರಿಯಿತು! ಮೇಲಕ್ಕೆ ಸಾಗುವ ಮೀನು ನೀರಿನ ವಿರುದ್ಧ ಹೋರಾಡುತ್ತದೆ ಎಂಬ ಜನಪ್ರಿಯ ಮಾತು ಅರ್ಧ ಸತ್ಯವಷ್ಟೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೆಳ್ಳಾರೆ ಪರಿಸರದ ಹೊಳೆಗಳು

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಐದರ ನಾಲ್ಕು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಸುರಿಯುತ್ತದೆ. ಘಟ್ಟದ ಇಳಿಜಾರು ಕಡಿದಾಗಿದ್ದು ಸಮುದ್ರ ಹತ್ತಿರದಲ್ಲೇ ಇರುವುದರಿಂದ ನೀರು ಬಹುಬೇಗ ಹರಿದುಹೋಗುತ್ತದೆ. ಬೆಳ್ಳಾರೆ ಪರಿಸರದ ತೋಡುಗಳ ನೀರು ಗೌರಿಹೊಳೆಯ ಮೂಲಕ ಕುಮಾರಧಾರೆಯನ್ನು ಸೇರುತ್ತದೆ. ಪುಷ್ಪಗಿರಿಯ ಸೀಮೆಯಲ್ಲಿ ಹುಟ್ಟಿ ಕುಕ್ಕೆ ಸುಬ್ರಹ್ಮಣ್ಯದ ಮೂಲಕ ಇಳಿಯುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡುತ್ತದೆ. ನೇತ್ರಾವತಿ ಬಂಟ್ವಾಳವನ್ನು ದಾಟಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಸುಳ್ಯದ ಪಯಸ್ವಿನಿಯದು ಬೇರೆ ದಾರಿ. ಅದು ಕಾಸರಗೋಡಿನ ಕಡೆಗೆ ಹರಿದು ಚಂದ್ರಗಿರಿ ಎನಿಸಿಕೊಳ್ಳುತ್ತದೆ.

ಈ ಹೊಳೆಗಳ ಅತ್ಯಂತ ಪ್ರಸಿದ್ಧ ಮೀನು ಮಹಶೀರ್. ಕುಕ್ಕೆ ಸುಬ್ರಹ್ಮಣ್ಯ, ಸುಳ್ಯ ತಾಲೂಕಿನ ತೊಡಿಕಾನ ಮತ್ತು ಬೆಳ್ತಂಗಡಿ ತಾಲೂಕಿನ ಶಿಶಿಲದ ದೇವಾಲಯಗಳ ಬಳಿ ಇವನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬರಲಾಗಿದೆ. ಇಲ್ಲಿನವನ್ನು ಹೆಚ್ಚಾಗಿ ಟಾರ್ ಖುದ್ರಿ ಎಂಬ ಪ್ರಭೇದವೆಂದು ಗುರುತಿಸುತ್ತಾರೆ. 1839ರಲ್ಲಿ ಸೈಕ್ಸ್ ಎಂಬಾತ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದನು. ಮಳೆ ಬಂದು ಹೊಳೆ ಏರಿದಾಗ ಬೆಳೆದ ಮಹಶೀರ್‌ಗಳು ಮೇಲಿನ ಕವಲುಗಳಿಗೆ ಸಾಗಿ, ಜಲ್ಲಿಕಲ್ಲಿನ ತಳದಲ್ಲಿ ಮೊಟ್ಟೆಯಿಡುತ್ತವೆ. ನೀರಿಗಿಂತ ಭಾರವಾದ ಮೊಟ್ಟೆಗಳು ಕಲ್ಲುಗಳ ಸಂದಿಗೆ ಇಳಿದು, ಬೆಚ್ಚಗಿನ ನೀರಿನಲ್ಲಿ ಮೂರು ನಾಲ್ಕು ದಿನಗಳಲ್ಲಿ ಒಡೆಯುತ್ತವೆ. ಹೊಸ ಮರಿಗಳಿಗೆ ಬೆಳಕು ಸೇರದು. ಹೊಟ್ಟೆಗಂಟಿದ ಆಹಾರದ ಚೀಲ ಕರಗುವವರೆಗೆ ಅವು ಕಲ್ಲಿನಡಿಯ ಕತ್ತಲೆಯಲ್ಲೇ ಗುಂಪಾಗಿ ಇರುತ್ತವೆ. ಬೆಳಕನ್ನು ತಪ್ಪಿಸುವ ಈ ಸ್ವಭಾವ ಅವನ್ನು ಹರಿವಿನಿಂದಲೂ ತಪ್ಪಿಸುತ್ತದೆ. ಮೇಲೆ ಪ್ರವಾಹ ಭೋರ್ಗರೆಯುತ್ತಿರುವಾಗ ಕಲ್ಲಿನ ಸಂದಿಯಲ್ಲಿ ನೀರು ಕೇವಲ ಜಿನುಗುತ್ತಿರುತ್ತದೆ. ಮರಳುಗಾರಿಕೆಯಿಂದಲೋ ಗುಡ್ಡ ಅಗೆದ ಕೆಸರಿನಿಂದಲೋ ಈ ಸಂದಿಗಳು ತುಂಬಿಹೋದರೆ ಮೊಟ್ಟೆಗೂ ಮರಿಗೂ ಉಸಿರಿಲ್ಲ.

ಚೀಲ ಕರಗಿದ ಬಳಿಕ ಮರಿಗಳು ಆಳವಿಲ್ಲದ ಅಂಚಿನ ನೀರಿಗೆ ಬಂದು, ಹರಿವಿಗೆ ಮುಖಮಾಡಿ ಸಾಲಾಗಿ ನಿಂತು ಮೇಯುತ್ತವೆ. ಮಳೆ ಹಿಂಜರಿದು ನೀರು ಇಳಿಯತೊಡಗಿದಂತೆ ಅವು ಮೆಲ್ಲನೆ ಕೆಳಗಿನ ಆಳವಾದ ಗುಂಡಿಗಳಿಗೆ ಸಾಗುತ್ತವೆ. ಈ ಗುಂಡಿಗಳನ್ನು ಸ್ಥಳೀಯವಾಗಿ ಕಯ ಎನ್ನುತ್ತಾರೆ. ಬೇಸಗೆಯ ನಾಲ್ಕು ತಿಂಗಳು ಮೀನಿನ ಪಾಲಿಗೆ ಹೊಳೆಯೆಂದರೆ ಕಯವೇ. ಇಳಿಯುವ ಹೊತ್ತಿನಲ್ಲಿ ದಾರಿ ಕಡಿದುಹೋದರೆ ಮರಿಗಳು ಬತ್ತುವ ಕುಣಿಗಳಲ್ಲಿ ಸಿಕ್ಕಿ ಸಾಯುತ್ತವೆ.

ಹಾವುಮೀನಿನ ಕಥೆ ಇದಕ್ಕೆ ತೀರ ವಿರುದ್ಧವಾದುದು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ವರ್ಷಗಟ್ಟಲೆ ಬೆಳೆಯುವ ಆಂಗ್ವಿಲಾ ಬೆಂಗಾಲೆನ್ಸಿಸ್ ಎಂಬ ಹಾವುಮೀನು ಮೊಟ್ಟೆಯಿಡುವುದು ಸಮುದ್ರದ ಆಳದಲ್ಲಿ. ಎಲೆಯಂತೆ ಚಪ್ಪಟೆಯಾದ ಅದರ ಎಳೆಮರಿ ಸಾಗರಪ್ರವಾಹದೊಡನೆ ತೇಲಿ ಕರಾವಳಿಗೆ ಬಂದು, ಗಾಜಿನಂತೆ ಪಾರದರ್ಶಕವಾದ ಸಣ್ಣ ಹಾವಿನ ರೂಪ ತಾಳುತ್ತದೆ. ಇಂತಹ ಮರಿ ಅಳಿವೆಯನ್ನು ಏರುವ ಉಪಾಯವನ್ನು ಯುರೋಪಿನ ಹಾವುಮೀನಿನಲ್ಲಿ ಡಚ್ ವಿಜ್ಞಾನಿ ಕ್ರೊಯಿಟ್ಸ್‌ಬರ್ಗ್ 1961ರಲ್ಲಿ ವಿವರಿಸಿದನು. ಉಬ್ಬರದ ನೀರು ಒಳನುಗ್ಗುವಾಗ ಮರಿಗಳು ಮೇಲೆದ್ದು ಅದರೊಡನೆ ಸಾಗುತ್ತವೆ. ಇಳಿತ ಆರಂಭವಾದೊಡನೆ ತಳಕ್ಕಿಳಿದು ಮರಳಿನಲ್ಲಿ ಅಡಗುತ್ತವೆ. ಹೀಗೆ ಎರಡು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಎಂಬಂತೆ ಅವು ಹೆಚ್ಚು ಈಜದೆಯೇ ನದಿಯ ಬಾಯಿಯನ್ನು ದಾಟುತ್ತವೆ. ಉಬ್ಬರದ ಪ್ರಭಾವ ಮುಗಿಯುವಲ್ಲಿ ಈ ಸೌಲಭ್ಯವೂ ಮುಗಿಯುತ್ತದೆ. ಅಲ್ಲಿಂದ ಮೇಲೆ ದಡದ ಅಂಚು ಹಿಡಿದು ಈಜಬೇಕು, ತಡೆ ಬಂದರೆ ಹತ್ತಬೇಕು. ಮರಿ ಹಾವುಮೀನುಗಳು ಪಾಚಿ ಹಿಡಿದ ಒದ್ದೆ ಗೋಡೆಯನ್ನು ದೇಹದ ಅಂಟಿನ ಬಲದಿಂದ ಏರಬಲ್ಲವು. ದೇಹ ದಪ್ಪವಾದಂತೆ ಆ ಸಾಮರ್ಥ್ಯ ಕುಂದುತ್ತದೆ, ಒಣಗಿದ ಗೋಡೆಯ ಮುಂದೆ ಅದು ಎಂದಿಗೂ ಕೆಲಸಕ್ಕೆ ಬಾರದು. ಸಿಸಿಯಾಪ್ಟೆರಸ್ ಎಂಬ ಗೋಬಿ ಜಾತಿಯ ಪುಟ್ಟ ಮೀನಿಗೆ ಹೊಟ್ಟೆಯಡಿಯ ರೆಕ್ಕೆಗಳು ಕೂಡಿ ಹೀರುಬಟ್ಟಲಿನಂತಾಗಿವೆ. ಅದರ ಮರಿಗಳು ಬಂಡೆಗೆ ಅಂಟಿಕೊಂಡು ಜಲಪಾತಗಳನ್ನೇ ಏರುತ್ತವೆ.

ಗದ್ದೆಗೆ ಹತ್ತುವ ಮೀನುಗಳು

ಮೃಗಶಿರ, ಆರಿದ್ರಾ ಮಳೆಗಳ ಹೊತ್ತಿಗೆ ಗದ್ದೆಯ ನೀರು ತೋಡಿಗೆ, ತೋಡಿನ ನೀರು ಹೊಳೆಗೆ ಹರಿಯತೊಡಗಿದಾಗ ಮುಗುಡು, ಕೆಂಡೆ ಮೊದಲಾದ ಮೀನುಗಳು ಆ ನೀರಿನ ಜಾಡು ಹಿಡಿದು ಮೇಲೇರುತ್ತವೆ. ಮಲೆನಾಡಿನಲ್ಲಿ ಇವನ್ನು ಹತ್ತುಮೀನು ಎನ್ನುತ್ತಾರೆ. ಇಲ್ಲಿ ಹರಿವು ಕೇವಲ ದಾರಿಯಲ್ಲ, ಕರೆಯೂ ಹೌದು. ಹೊಸಮಳೆಯ ನೀರಿನ ತಂಪು, ಮಣ್ಣಿನ ವಾಸನೆ ಮತ್ತು ಏರುವ ಮಟ್ಟ ಇವು ಒಟ್ಟುಗೂಡಿ ಬೆಳೆದ ಮೀನನ್ನು ಮೊಟ್ಟೆಯಿಡಲು ಪ್ರಚೋದಿಸುತ್ತವೆ. ಬದುವಿನ ಕಂಡಿಯಲ್ಲಿ ಬೆರಳುದ್ದದ ಆಳದ ನೀರು ಧುಮುಕುತ್ತಿದ್ದರೂ ಅವು ಚಿಮ್ಮಿ ಒಳಸೇರುತ್ತವೆ.

ಗದ್ದೆ ಎಂಬುದು ಮರಿಗಳಿಗೆ ಹೇಳಿ ಮಾಡಿಸಿದ ತೊಟ್ಟಿಲು. ನೀರು ನಿಂತಂತೆ ಹರಿಯುತ್ತದೆ, ಬಿಸಿಲಿಗೆ ಬೆಚ್ಚಗಾಗುತ್ತದೆ, ಸೂಕ್ಷ್ಮಜೀವಿಗಳು ಹೇರಳ. ಹೊಳೆಯ ಪ್ರವಾಹಕ್ಕೆ ಎದುರು ನಿಲ್ಲಲಾರದ ವಯಸ್ಸನ್ನು ಮರಿಗಳು ಇಲ್ಲಿ ಕಳೆದು, ಮಳೆ ಕಡಿಮೆಯಾಗುವ ಹೊತ್ತಿಗೆ ಹೊರಹರಿವಿನೊಡನೆ ತೋಡಿಗೆ ಇಳಿಯುತ್ತವೆ. ಅವು ಇಳಿಯುವ ಕಂಡಿಗೇ ಬಿದಿರಿನ ಬೋನು ಒಡ್ಡಿದರೆ ಒಂದೂ ಉಳಿಯದು. ಜಿಲ್ಲೆಯಲ್ಲಿ ಗದ್ದೆಗಳು ಅಡಿಕೆ ತೋಟಗಳಾಗಿ, ರಬ್ಬರ್ ತೋಪುಗಳಾಗಿ ಮಾರ್ಪಟ್ಟಂತೆ ಈ ತೊಟ್ಟಿಲುಗಳೂ ಕಿರಿದಾಗಿವೆ. ಮೀನು ಕಡಿಮೆಯಾದುದಕ್ಕೆ ಬಲೆಯನ್ನು ಮಾತ್ರ ದೂರುವವರು ಈ ಅಂಶವನ್ನು ಮರೆಯುವುದುಂಟು.

ಇಳಿಯುವ ಮರಿಗಳು ಮತ್ತು ಏರುವ ವೇಗ

ಕೆಳಮುಖವಾಗಿ ವಲಸೆ ಹೋಗುವ ಮರಿ ಹರಿವಿನೊಡನೆ ಸುಮ್ಮನೆ ತೇಲಿಹೋಗುತ್ತದೆ ಎಂಬ ಊಹೆ ಬಹುಕಾಲ ಇತ್ತು. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸಮುದ್ರಕ್ಕೆ ಇಳಿಯುವ ಎಳೆಯ ಸಾಲ್ಮನ್‌ಗಳ ಅಧ್ಯಯನ ಈ ಊಹೆಯನ್ನು ತಿದ್ದಿತು. ಮಂದ, ಸಮನಾದ ಹರಿವಿನಲ್ಲಿ ಅವು ನೀರಿನೊಡನೆ ಸಾಗುತ್ತವೆ. ಅಣೆಕಟ್ಟಿನ ಬಾಯಿಯ ಬಳಿ ಸ್ವಲ್ಪ ದೂರದೊಳಗೇ ವೇಗ ಥಟ್ಟನೆ ಏರುವುದನ್ನು ಗ್ರಹಿಸಿದೊಡನೆ ತಿರುಗಿ ಹರಿವಿಗೆ ಮುಖಮಾಡುತ್ತವೆ, ಕೆಲವೊಮ್ಮೆ ಹಿಂದಕ್ಕೆ ಈಜಿಹೋಗುತ್ತವೆ. ಬಳಿಕ ಬಾಲ ಮುಂದಾಗಿ ಮೆಲ್ಲನೆ ಜಾರುತ್ತವೆ, ಇಲ್ಲವೇ ಬೇರೆ ದಾರಿ ಹುಡುಕುತ್ತವೆ. ಎಲ್ಲಿ ಹಿಂದಿರುಗಬಹುದು, ಎಲ್ಲಿ ಹಿಂದಿರುಗಲಾಗದು ಎಂಬ ಗೆರೆಯನ್ನು ಮರಿ ಹರಿವಿನಿಂದಲೇ ಓದುತ್ತದೆ.

ಹ್ಯಾರೋ ಮತ್ತು ಸಂಗಡಿಗರು 1998ರಲ್ಲಿ ಎರಡು ಬಗೆಯ ಕೋಡಿಗಳನ್ನು ಹೋಲಿಸಿದರು. ಒಂದರಲ್ಲಿ ನೀರು ಚೂಪಾದ ಅಂಚಿನಿಂದ ಏಕಾಏಕಿ ಧುಮುಕುತ್ತಿತ್ತು, ಇನ್ನೊಂದರಲ್ಲಿ ವೇಗ ಸಮನಾಗಿ ಏರುತ್ತಿತ್ತು. ಮರಿಗಳು ಎರಡನೆಯದನ್ನು ಹೆಚ್ಚು ಬೇಗ ದಾಟಿದವು. ಗುಡ್ವಿನ್ ಮತ್ತು ಸಂಗಡಿಗರ 2014ರ ಅಧ್ಯಯನವು ದೊಡ್ಡ ಅಣೆಕಟ್ಟುಗಳ ಸುತ್ತ ಮರಿಗಳ ಚಲನೆಯನ್ನು ಗಣಕಮಾದರಿಯ ಮೂಲಕ ವಿವರಿಸಿ, ಮರಿಯು ತಾನು ಇತ್ತೀಚೆಗೆ ಅನುಭವಿಸಿದ ಹರಿವಿನೊಡನೆ ಈಗಿನ ಹರಿವನ್ನು ಹೋಲಿಸುತ್ತ ಸಾಗುತ್ತದೆ ಎಂಬ ನಿಲುವಿಗೆ ಬಂದಿತು.

ಕಟ್ಟ, ಕಿಂಡಿ ಅಣೆಕಟ್ಟು ಮತ್ತು ಪಂಪು

ತೋಡಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಬೇಸಗೆಗೆ ಕಟ್ಟ ಕಟ್ಟುವುದು ದಕ್ಷಿಣ ಕನ್ನಡದ ಹಳೆಯ ಪದ್ಧತಿ. ಮೊದಲ ಜೋರುಮಳೆಗೆ ಕಟ್ಟ ತಾನಾಗಿ ಕೊಚ್ಚಿಹೋಗುತ್ತದೆ. ಕೃಷಿಕನಿಗೆ ಪ್ರತಿವರ್ಷದ ಶ್ರಮವಾದ ಇದು ಮೀನಿಗೆ ಉಪಕಾರವೇ ಆಗಿತ್ತು. ವಲಸೆಯ ಕಾಲದಲ್ಲಿ ದಾರಿ ತೆರೆದಿರುತ್ತಿತ್ತು. ಇಂದು ಅದರ ಸ್ಥಾನದಲ್ಲಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳು ಬಂದಿವೆ. ಪಶ್ಚಿಮಕ್ಕೆ ಹರಿಯುವ ನದಿಗಳಲ್ಲಿ ಇವನ್ನು ಹೆಚ್ಚಾಗಿ ನಿರ್ಮಿಸುವ ಉದ್ದೇಶದಿಂದ ರಾಜ್ಯ ಸರಕಾರವು ಪಶ್ಚಿಮವಾಹಿನಿ ಎಂಬ ಯೋಜನೆಯನ್ನು ಹಮ್ಮಿಕೊಂಡಿದೆ. ಮಳೆ ನಿಂತ ಬಳಿಕ ಕಿಂಡಿಗಳಿಗೆ ಹಲಗೆ ಜೋಡಿಸಿ, ಮುಂದಿನ ಮಳೆಗಾಲಕ್ಕೆ ಮೊದಲು ತೆಗೆಯುವುದು ಕ್ರಮ.

ಅಂತರ್ಜಲ ಮತ್ತು ತೋಟದ ದೃಷ್ಟಿಯಿಂದ ಇವುಗಳ ಉಪಯೋಗ ನಿರ್ವಿವಾದ. ಮೀನಿನ ದೃಷ್ಟಿಯಿಂದ ಪ್ರಶ್ನೆಯಿರುವುದು ಹಲಗೆಯ ದಿನಾಂಕದಲ್ಲಿ ಮತ್ತು ತಳಗಟ್ಟೆಯ ಎತ್ತರದಲ್ಲಿ. ಮರಿಗಳು ಇನ್ನೂ ಇಳಿಯುತ್ತಿರುವಾಗಲೇ ಎಲ್ಲ ಕಿಂಡಿಗಳನ್ನೂ ಮುಚ್ಚಿದರೆ ಅವು ಮೇಲೆಯೇ ಉಳಿಯುತ್ತವೆ. ಮೊದಲ ಮಳೆಗೂ ಹಲಗೆ ತೆಗೆಯದಿದ್ದರೆ ಏರುವ ಮೀನು ಕೆಳಗೇ ಉಳಿಯುತ್ತದೆ. ಹಲಗೆ ತೆಗೆದರೂ ತಳದ ಕಾಂಕ್ರೀಟ್ ಹಾಸು ನದಿಯ ತಳಕ್ಕಿಂತ ಎತ್ತರದಲ್ಲಿದ್ದರೆ ಅಲ್ಲಿ ತೆಳುವಾದ, ವೇಗವಾದ ನೀರಿನ ಹಾಳೆಯಷ್ಟೇ ಹರಿಯುತ್ತದೆ. ಮರೆಯಾಗಿ ನಿಲ್ಲಲು ಒಂದು ಕಲ್ಲೂ ಇಲ್ಲದ ಆ ನುಣುಪು ಹಾಸನ್ನು ಮರಿ ದಾಟಲಾರದು.

ಬೀಳುವ ನೀರಿನ ವೇಗವನ್ನು ಭೌತಶಾಸ್ತ್ರದ ಸರಳ ಸೂತ್ರದಿಂದ ತಿಳಿಯಬಹುದು. 1 ಮೀಟರ್ ಎತ್ತರದಿಂದ ಬಿದ್ದ ನೀರಿನ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್, 10 ಸೆಂಟಿಮೀಟರಿಗೆ 1.4 ಮೀಟರ್; 5 ಸೆಂಟಿಮೀಟರಿಗೆ ಸುಮಾರು 1 ಮೀಟರ್. ಚಿಮ್ಮುವ ವೇಗದ ಮೇಲಿನ ಅಂದಾಜಿನೊಡನೆ ಹೋಲಿಸಿದರೆ, ಅಂಗೈಯಗಲದ ಮೆಟ್ಟಿಲೂ ಸಣ್ಣ ಮರಿಗೆ ಗೋಡೆಯೇ ಎಂಬುದು ಸ್ಪಷ್ಟ.

ಹೊಳೆಗೆ ಇಳಿಬಿಟ್ಟ ಪಂಪಿನ ಫುಟ್‌ವಾಲ್ವ್ ಇನ್ನೊಂದು ಅಪಾಯ. ಸೆಕೆಂಡಿಗೆ 4 ಲೀಟರ್ ನೀರೆತ್ತುವ ಪಂಪಿನ ಎರಡು ಇಂಚಿನ ಕೊಳವೆಯ ಬಾಯಲ್ಲಿ ನೀರಿನ ವೇಗ ಸುಮಾರು 2 ಮೀಟರ್ ಇರುತ್ತದೆ. ಅದರ ಸುತ್ತ ಸಣ್ಣ ಕಣ್ಣಿನ ಬಲೆಯ ಬುಟ್ಟಿಯನ್ನು ಕಟ್ಟಿ, ನೀರು ಒಳಬರುವ ತೆರಪನ್ನು ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗಕ್ಕೆ ಹಿಗ್ಗಿಸಿದರೆ, ಬಲೆಯ ಬಳಿ ವೇಗ ಸೆಕೆಂಡಿಗೆ 4 ಸೆಂಟಿಮೀಟರಿಗೆ ಇಳಿಯುತ್ತದೆ. ಈಜಬಲ್ಲ ಮರಿ ಅಷ್ಟರಿಂದ ತಪ್ಪಿಸಿಕೊಳ್ಳಬಲ್ಲದು. ಹೆಚ್ಚು ಖರ್ಚಿಲ್ಲದ ಈ ಉಪಾಯದಿಂದ ಕಸ ಸಿಕ್ಕಿಕೊಳ್ಳುವ ತೊಂದರೆಯೂ ತಗ್ಗುತ್ತದೆ.

ಮೀನೇಣಿ

ತಡೆಗಳ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೊಟ್ಟಿಗಳನ್ನು ಕಟ್ಟಿ ಮೀನು ಏರುವಂತೆ ಮಾಡುವ ರಚನೆಯೇ ಮೀನೇಣಿ. ಕೊಲಂಬಿಯಾ ನದಿಯ ಬಾನೆವಿಲ್ ಅಣೆಕಟ್ಟಿಗೆ 1938ರಷ್ಟು ಹಿಂದೆಯೇ ಇದನ್ನು ಅಳವಡಿಸಲಾಗಿತ್ತು. ಭಾರತದಲ್ಲಿ 1975ರಲ್ಲಿ ಕಾರ್ಯಾರಂಭ ಮಾಡಿದ ಫರಕ್ಕಾ ಬ್ಯಾರೇಜಿನಲ್ಲಿ ಹಿಲ್ಸಾ ಮೀನಿಗಾಗಿ ದಾಟುಬಾಗಿಲುಗಳಿದ್ದರೂ ಗಂಗೆಯ ಮೇಲ್ಭಾಗದಲ್ಲಿ ಆ ಮೀನು ತೀರ ವಿರಳವಾಯಿತು. ಸಾಲ್ಮನ್‌ಗಾಗಿ ರೂಪಿಸಿದ ಏಣಿಯನ್ನು ಯಥಾವತ್ತಾಗಿ ಉಷ್ಣವಲಯದ ಹೊಳೆಗೆ ತಂದಿಡುವುದು ಪ್ರಯೋಜನಕಾರಿಯಲ್ಲ. ಅದರ ಮೆಟ್ಟಿಲು, ವೇಗ, ಸುಳಿ ಎಲ್ಲವೂ ಚಿಮ್ಮಬಲ್ಲ ದೊಡ್ಡ ಮೀನಿಗೆ ತಕ್ಕವು.

ತಗ್ಗಾದ ಕಿಂಡಿ ಅಣೆಕಟ್ಟಿಗೆ ಇನ್ನೂ ಸರಳವಾದ ದಾರಿಯಿದೆ. ಒಂದು ಪಕ್ಕದಲ್ಲಿ ದೊಡ್ಡ ಚಿಕ್ಕ ಕಲ್ಲುಗಳನ್ನು ಒರಟಾಗಿ ಜೋಡಿಸಿ ಓರೆಯಾದ ಇಳಿಜಾರನ್ನು ನಿರ್ಮಿಸಿದರೆ, ಕಲ್ಲುಗಳ ನಡುವೆ ನಿಧಾನದ ಹಾಗೂ ವೇಗದ ಹರಿವುಗಳು ಜೊತೆಜೊತೆಯಾಗಿ ಉಂಟಾಗುತ್ತವೆ. ದೊಡ್ಡ ಮೀನು ನಡುವೆ, ಮರಿ ಅಂಚಿನಲ್ಲಿ, ಹಾವುಮೀನಿನ ಮರಿ ಒದ್ದೆ ಕಲ್ಲಿನ ಮೇಲೆ ತಮ್ಮ ತಮ್ಮ ದಾರಿ ಕಂಡುಕೊಳ್ಳುತ್ತವೆ. ಏಣಿಯ ಬಾಯಿಯನ್ನು ಎಲ್ಲಿಡಬೇಕು ಎಂಬುದೂ ಅಷ್ಟೇ ಮುಖ್ಯ. ಮೀನು ಹರಿವನ್ನು ಅರಸಿಕೊಂಡು ಬರುವುದರಿಂದ, ಬಾಯಿಯಿಂದ ಹೊರಬರುವ ನೀರಿನ ಸೆಳೆತ ಪಕ್ಕದ ಹರಿವಿನಲ್ಲಿ ಮುಳುಗಿಹೋದರೆ ಏಣಿ ಇದ್ದೂ ಇಲ್ಲದಂತೆಯೇ.

ಮೈಲುತುತ್ತಿನ ಪ್ರಶ್ನೆ

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲೇ ಸಿಂಪಡಿಸಬೇಕಾಗುತ್ತದೆ. ಮರಿಗಳು ಹೊಳೆಯಲ್ಲಿರುವ ಕಾಲವೂ ಅದೇ. ನೀರಿನಲ್ಲಿ ಕರಗಿದ ತಾಮ್ರವು ಅತ್ಯಲ್ಪ ಪ್ರಮಾಣದಲ್ಲೂ ಪಾರ್ಶ್ವರೇಖೆಯ ಕೂದಲುಕೋಶಗಳನ್ನು ಕೊಲ್ಲುತ್ತದೆ ಮತ್ತು ಮೂಗಿನ ಸಂವೇದನೆಯನ್ನು ಕುಗ್ಗಿಸುತ್ತದೆ ಎಂಬುದು ಜೀಬ್ರಾ ಮೀನು ಮತ್ತು ಸಾಲ್ಮನ್ ಮರಿಗಳ ಪ್ರಯೋಗಗಳಲ್ಲಿ ಸ್ಥಿರಪಟ್ಟಿದೆ. ಅಂತಹ ಮರಿ ಸಾಯದೆ ಉಳಿದರೂ ಹರಿವಿನ ದಿಕ್ಕನ್ನು ಸರಿಯಾಗಿ ಅರಿಯಲಾರದು. ತಾಮ್ರ ನಿಂತುಹೋದರೆ ಕೆಲವು ದಿನಗಳಲ್ಲಿ ಕೋಶಗಳು ಮತ್ತೆ ಹುಟ್ಟಬಲ್ಲವು. ದ್ರಾವಣದಲ್ಲಿರುವ ಸುಣ್ಣವು ತಾಮ್ರದ ಬಹುಭಾಗವನ್ನು ಕರಗದ ರೂಪದಲ್ಲಿ ಹಿಡಿದಿಡುವುದರಿಂದ ಎಲ್ಲ ಸಿಂಪಡಣೆಯೂ ಹೊಳೆಗೆ ವಿಷವೆಂದು ಹೇಳುವುದು ಸರಿಯಲ್ಲ. ಆದರೆ ಉಳಿದ ದ್ರಾವಣವನ್ನು ತೋಡಿಗೆ ಚೆಲ್ಲುವುದು, ಡ್ರಮ್ಮುಗಳನ್ನು ಹರಿವ ನೀರಿನಲ್ಲಿ ತೊಳೆಯುವುದು ಬೇರೆಯೇ ಮಾತು.

ಸಂರಕ್ಷಣೆ

ಈ ಜಿಲ್ಲೆಯ ಮರಿಮೀನುಗಳ ಬಗೆಗಿನ ಕಾಳಜಿಗೆ ಒಂದೂವರೆ ಶತಮಾನದ ಇತಿಹಾಸವಿದೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಜಿಲ್ಲೆಯ ಮೀನುಸಾಕಣೆಯ ಕುರಿತ ವರದಿಯನ್ನು ಪ್ರಕಟಿಸಿ, ನದಿಗಳಿಗೆ ವಿಷ ಹಾಕುವುದನ್ನೂ ಮರಿಗಳ ನಾಶವನ್ನೂ ತಡೆಯಬೇಕೆಂದು ವಾದಿಸಿದನು. ಗಾಳದ ಬೇಟೆಗಾರರಲ್ಲಿ ಪ್ರಸಿದ್ಧವಾದ ಅವನ 'ದಿ ರಾಡ್ ಇನ್ ಇಂಡಿಯಾ' ಗ್ರಂಥವು 1873ರಲ್ಲಿ ಮಂಗಳೂರಿನಲ್ಲೇ ಮುದ್ರಣಗೊಂಡಿತು. ನೀರಿಗೆ ವಿಷ ಹಾಕುವುದನ್ನೂ ತೋಟೆ ಸಿಡಿಸಿ ಮೀನು ಕೊಲ್ಲುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯು ಅಪರಾಧವೆಂದು ಸಾರಿತು. ಕಾನೂನಿಗಿಂತ ಹಳೆಯದು ದೇವಾಲಯಗಳ ಮತ್ಸ್ಯತೀರ್ಥಗಳ ರಕ್ಷಣೆ. ಅದೂ ಅಭೇದ್ಯವಲ್ಲ. 1996ರಲ್ಲಿ ಶಿಶಿಲದಲ್ಲಿ ಯಾರೋ ನೀರಿಗೆ ವಿಷ ಬೆರೆಸಿದ್ದರಿಂದ ಅಪಾರ ಸಂಖ್ಯೆಯ ದೇವರ ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನು ನಿರ್ಮಿಸಲಾಗಿದೆ. ಕೊಡಗಿನ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯು ಮಹಶೀರ್ ಮರಿಗಳನ್ನು ಉತ್ಪಾದಿಸಿ ನದಿಗಳಿಗೆ ಬಿಡುತ್ತದೆ. ನಿಂತ ನೀರಿನ ತೊಟ್ಟಿಯಲ್ಲಿ ಬೆಳೆದ ಮರಿಗಿಂತ ಹರಿವ ನೀರಿನಲ್ಲಿ ಪಳಗಿದ ಮರಿ ಹೊಳೆಯಲ್ಲಿ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು ಇಂತಹ ಕೇಂದ್ರಗಳು ಗಮನಿಸಬೇಕಾದ ಸಂಗತಿ.

ಮತ್ಸ್ಯತೀರ್ಥಗಳು ಕಾಯುವುದು ಬೆಳೆದ ಮೀನುಗಳ ಕಯವನ್ನು ಮಾತ್ರ. ಆ ಮೀನುಗಳು ಮೊಟ್ಟೆಯಿಡುವ ಮೇಲಿನ ಕವಲುಗಳಿಗೂ ಮರಿಗಳು ಇಳಿದುಬರುವ ದಾರಿಗೂ ಅಂತಹ ಕಾವಲಿಲ್ಲ. ಸಕಲೇಶಪುರ ತಾಲೂಕಿನ ಎತ್ತಿನಹೊಳೆ ಮತ್ತು ನೆರೆಯ ಹೊಳೆಗಳು ಗುಂಡ್ಯದ ಕಡೆಗೆ ಇಳಿದು ಕುಮಾರಧಾರೆಗೆ ಸೇರುವಂತಹವು. ಇವುಗಳ ಮಳೆಗಾಲದ ನೀರಿನಿಂದ 24.01 ಟಿಎಂಸಿ ಅಡಿಯಷ್ಟನ್ನು ಪೂರ್ವದ ಜಿಲ್ಲೆಗಳಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಪ್ರವಾಹಕಾಲದ ನೀರನ್ನಷ್ಟೇ ಎತ್ತುವುದರಿಂದ ಕೆಳಗಿನವರಿಗೆ ನಷ್ಟವಿಲ್ಲ ಎಂಬುದು ಯೋಜನೆಯ ಸಮರ್ಥಕರ ವಾದ. ಆದರೆ ಮೀನಿನ ಲೆಕ್ಕದಲ್ಲಿ ಪ್ರವಾಹದ ನೀರು ಹೆಚ್ಚುವರಿ ನೀರಲ್ಲ. ಏರುವ ಮೀನಿಗೆ ಸೂಚನೆ ನೀಡುವುದೂ, ಜಲ್ಲಿಯ ಸಂದಿಗಳ ಕೆಸರನ್ನು ತೊಳೆಯುವುದೂ, ಗದ್ದೆ ತೋಡುಗಳನ್ನು ಹೊಳೆಯೊಡನೆ ಜೋಡಿಸುವುದೂ ಅದೇ ನೀರು.